ಹನ್ನೊಂದಕ್ಕೆ ನಿಂತ ರಾಕ್ಷಸ

ಕಸ ನನ್ನ ಕೈಗೆ ಬಂದರೆ ಕಸವಾಗಿ ಉಳಿಯುವುದಿಲ್ಲ ಎಂಬ ಜಂಬ ನನಗಿತ್ತು. ಸಣ್ಣಪುಟ್ಟ ಜಂಬವಲ್ಲ, ನೆತ್ತಿಗೇರಿದ್ದು. ನಾನಿರುವುದು ಗಾರ್ಮೆಂಟ್ಸ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ. ಭಾನುವಾರ ಮಧ್ಯಾಹ್ನ ಅಲ್ಲಿನ ಕಟಿಂಗ್ ಮಾಸ್ಟರ್ ಮತ್ತು ಪಕ್ಕದ ಮನೆಯ ನರ್ಸಕ್ಕ ನಮ್ಮ ಮನೆಗೆ ಬರುತ್ತಿದ್ದರು. ಊಟದ ಮೇಜಿನ ಮೇಲೆ ಆಟ. ನಾನು ಕತೆ ಹೇಳುತ್ತ ಒಂದು ರಾಕ್ಷಸನ ಗೊಂಬೆ ತಂದು ನಿಲ್ಲಿಸಬೇಕು. ಅವರಿಬ್ಬರೂ ವೀರರಾಗಿ ದಾಳ ಉರುಳಿಸಿ ಅವನನ್ನು ಕೊಲ್ಲಬೇಕು. ಅಂಗಡಿಯ ರಾಕ್ಷಸರ ಬೆಲೆ ಕೇಳಿದರೆ ನಮ್ಮ ಪ್ರಾಣವೇ ಹೋಗುತ್ತದೆ. ಹಾಗಾಗಿ ಎಲ್ಲವನ್ನೂ ನಾನೇ ಮಾಡುತ್ತಿದ್ದೆ. ತಂತಿಯ ಮೂಳೆ, ಟಿಶ್ಯೂ ಕಾಗದವನ್ನು ಅಂಟಿನಲ್ಲಿ ನೆನೆಸಿ ಸುತ್ತಿದ ಚರ್ಮ, ಕಿತ್ತುಹೋದ ಸರದ ಮಣಿಯ ಕಣ್ಣು, ಹಳೇ ನೇಲ್ ಪಾಲಿಶಿನ ರಕ್ತ.

ತಂತಿ, ಇಕ್ಕಳ ಎಲ್ಲ ದೊಡ್ಡಪ್ಪನವು. ಅವರು ಎಲೆಕ್ಟ್ರಿಷಿಯನ್, ನನ್ನನ್ನು ಸಾಕಿದವರು. ತೀರಿಹೋಗಿ ನಾಲ್ಕು ವರ್ಷವಾಯಿತು. "ಅವರ ಪೆಟ್ಟಿಗೇಲಿ ಏನೇನಿದ್ಯೋ ಎಲ್ಲ ನಿಂದೇ, ತಗೋ" ಎಂದು ದೊಡ್ಡಮ್ಮ ಆಗಲೇ ಹೇಳಿದ್ದಳು. ಪೆಟ್ಟಿಗೆಯಲ್ಲಿದ್ದದ್ದು ಅಂದಿದ್ದಳು, ಬೀರುವಿನಲ್ಲಿದ್ದದ್ದು ಅಂದಿರಲಿಲ್ಲ.

ನನ್ನ ರಾಕ್ಷಸರಿಗೆ ಬಾಯಿಯದೇ ಫಜೀತಿ. ಬೆಂಕಿಕಡ್ಡಿ ಸೀಳಿ ಹಲ್ಲು ಮಾಡಿದೆ, ಬಾಚಣಿಗೆ ಮುರಿದು ಮಾಡಿದೆ. "ನಿನ್ ರಾಕ್ಷಸರನ್ನ ನೋಡಿದ್ರೆ ಎತ್ಕೊಂಡು ಮುದ್ದಾಡೋಣ ಅನ್ಸುತ್ತೆ ಕಣಮ್ಮ" ಎಂದು ಮಾಸ್ಟರ್ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಮುಂದಿನ ವಾರ ನೋಡ್ತಿರಿ, ಮುಷ್ಟಿ ಗಾತ್ರದ ಮಹಾರಾಕ್ಷಸನನ್ನೇ ತರ್ತೀನಿ ಎಂದುಬಿಟ್ಟೆ.

ದೊಡ್ಡಪ್ಪ ಕಟ್ಟಿಸಿಕೊಂಡಿದ್ದ ಹಲ್ಲಿನ ಸೆಟ್ಟು ಬೀರುವಿನ ಮೇಲಿನ ಖಾನೆಯಲ್ಲಿ, ಅವರ ಕನ್ನಡಕದ ಡಬ್ಬಿಯೊಳಗೆ ಇತ್ತು. ದೊಡ್ಡಮ್ಮ ತರಕಾರಿಗೆ ಹೋಗಿದ್ದಾಗ ತೆಗೆದೆ. ಸತ್ತವರ ಹಲ್ಲು ಯಾರಿಗೆ ಬೇಕು, ಇದೂ ಕಸವೇ ಎಂದು ನನಗೆ ನಾನೇ ಹೇಳಿಕೊಂಡೆ. ಶುದ್ಧ ಸುಳ್ಳು. ಕಸವನ್ನು ಯಾರೂ ಒಗೆದ ಕರವಸ್ತ್ರದಲ್ಲಿ ನಾಲ್ಕು ಮಡಿಕೆ ಹಾಕಿ ಸುತ್ತಿಡುವುದಿಲ್ಲ. ಅದು ಬಿಚ್ಚುವಾಗಲೇ ಗೊತ್ತಾಗಿತ್ತು. ಆದರೂ ಅವರದೇ ಇಕ್ಕಳದಿಂದ ಒಂದೊಂದೇ ಹಲ್ಲು ಕಿತ್ತುಕೊಂಡು, ಖಾಲಿ ವಸಡನ್ನು ಹಾಗೇ ಸುತ್ತಿ ಇಟ್ಟೆ. ಬೆರಳು ಕೊಟ್ಟರೆ ಹಸ್ತ ನುಂಗುವವರು ಅಂತಾರಲ್ಲ, ಆ ಜಾತಿ ನಾನು.

ಭಾನುವಾರ ಆ ಹಲ್ಲಿನ ರಾಕ್ಷಸನನ್ನು ಮೇಜಿನ ಮೇಲೆ ತಂದಿಟ್ಟಾಗ ಮಾಸ್ಟರ್ ಕುರ್ಚಿಯನ್ನೇ ಹಿಂದಕ್ಕೆ ಎಳೆದುಕೊಂಡರು. "ಅಬ್ಬಬ್ಬಾ! ಇದಪ್ಪಾ ರಾಕ್ಷಸ ಅಂದ್ರೆ!" ನಾನು ಪೂರಿಯ ಹಾಗೆ ಉಬ್ಬಿದೆ.

ಆಟ ಮುಗಿಯುತ್ತ ಬಂದಾಗ ದೊಡ್ಡಮ್ಮ ಟೀ ತಂದಳು. ಲೋಟ ಇಡುತ್ತಿದ್ದ ಕೈ ಅರ್ಧಕ್ಕೇ ನಿಂತಿತು. ರಾಕ್ಷಸನ ಮುಂದಿನ ಹಲ್ಲಿನಲ್ಲಿ ಒಂದು ಸಣ್ಣ ಕಚ್ಚು ಇತ್ತು. ತಂತಿಯ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿಯುವುದು ದೊಡ್ಡಪ್ಪನ ಚಾಳಿ. "ಹಲ್ಲು ಕಟ್ಟಿಸಿ ತಿಂಗಳಾಗಿಲ್ಲ ಕಣ್ರೀ, ಇಕ್ಕಳ ಸತ್ತೋಯ್ತಾ?" ಎಂದು ಅವಳು ಬೈಯುತ್ತಿದ್ದಳು. ನನ್ನ ಹಾಳು ಕಣ್ಣಿಗೆ ಆ ಕಚ್ಚು ಚೆಂದ ಕಂಡು, ಅದೇ ಹಲ್ಲನ್ನು ನಟ್ಟನಡುವೆ ಅಂಟಿಸಿದ್ದೆ.

"ಈ ಹಲ್ಲು ಎಲ್ಲೀದೇ?"

"ಪ್ಲಾಸ್ಟಿಕ್ ದೊಡ್ಡಮ್ಮ. ಬಾಟ್ಲಿ ಮುಚ್ಚಳ ಕೊಯ್ದು ಮಾಡಿದ್ದು."

ಮುಖ ನೋಡಿಕೊಂಡೇ ಹೇಳಿದೆ, ನನ್ನ ಬಾಯಿಗೆ ಹುಳ ಬೀಳ.

ಅವಳು ಒಳಗೆ ಹೋದಳು. ಬೀರು ಕಿರುಗುಟ್ಟಿತು. ಕನ್ನಡಕದ ಡಬ್ಬಿ ಟಪ್ಪೆಂದು ಮುಚ್ಚಿಕೊಂಡ ಸದ್ದು ನಮ್ಮ ಮೇಜಿನವರೆಗೂ ಕೇಳಿಸಿತು. ನಾಚಿಕೆಯಿಂದ ನನ್ನ ಕಿವಿ ಸುಡತೊಡಗಿತು.

ಡಬ್ಬಿ ಹಿಡಿದುಕೊಂಡೇ ಬಂದು ನನ್ನ ಎದುರೇ ಕುಳಿತಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ನರ್ಸಕ್ಕನ ಕಡೆ ತಿರುಗಿ, "ಇದನ್ನ ಗೆಲ್ಲೋದು ಹೆಂಗಮ್ಮ?" ಎಂದು ಕೇಳಿದಳು.

"ಇದರ ಪ್ರಾಣ ನೂರು ಅಂತ ಇಟ್ಟಿರ್ತೀವಿ ಅಮ್ಮ. ದಾಳ ಬಿದ್ದಷ್ಟು ಕಳೀತಾ ಹೋಗೋದು. ಸೊನ್ನೆಗೆ ಬಂದ್ರೆ ಸತ್ತ."

"ಈಗ ಎಷ್ಟಿದೆ?"

"ಹನ್ನೊಂದು. ಇನ್ನೊಂದೇ ಏಟು!" ಎಂದು ಮಾಸ್ಟರ್ ದಾಳಗಳನ್ನು ಅಂಗೈಯಲ್ಲಿ ಕುಲುಕಿದರು.

ದೊಡ್ಡಮ್ಮ ಮೇಜಿನ ಮೇಲೆ ಕೈ ಅಡ್ಡ ಇಟ್ಟಳು. "ಹನ್ನೊಂದಕ್ಕೇ ನಿಲ್ಸಪ್ಪ. ಸೊನ್ನೆಗೆ ಬರೋದನ್ನ ನಾನು ಒಂದ್ಸಲ ಪಕ್ಕದಲ್ಲೇ ಕೂತು ನೋಡಿದೀನಿ."

ಅವರಿಬ್ಬರೂ ಏನೂ ಅರ್ಥವಾಗದೆ ನನ್ನನ್ನು ನೋಡಿದರು.

"ಅದು ದೊಡ್ಡಪ್ಪನ ಹಲ್ಲು" ಎಂದೆ. "ಬೀರುವಿನಿಂದ ಕದ್ದೆ."

ಮಾಸ್ಟರ್ ದಾಳಗಳನ್ನು ಉರುಳದ ಹಾಗೆ ಒಂದೊಂದಾಗಿ ಮೇಜಿನ ಮೇಲಿಟ್ಟು ಎದ್ದರು. ಟೀ ಹಾಗೇ ಬಿಟ್ಟು ಇಬ್ಬರೂ ಹೊರಟರು.

ನಾನು ಇಕ್ಕಳ ತಂದೆ. "ಕಿತ್ತು ಮತ್ತೆ ಸೆಟ್ಟಿಗೇ ಕೂರಿಸ್ತೀನಿ ದೊಡ್ಡಮ್ಮ."

"ಮುಟ್ಬೇಡ. ಇರೋದನ್ನೂ ಮುರೀತೀಯ."

ರಾಕ್ಷಸ ಆ ಡಬ್ಬಿಯಲ್ಲಿ ಹಿಡಿಯಲಿಲ್ಲ. ಅವಳು ಅದನ್ನು ಡಬ್ಬಿಯಲ್ಲಿದ್ದ ಅದೇ ಕರವಸ್ತ್ರದಲ್ಲಿ ಸುತ್ತಿದಳು. ಬಟ್ಟೆ ಸಾಲದೆ ಬಾಯಿ ಹೊರಗೇ ಉಳಿಯಿತು.

"ತಪ್ಪಾಯ್ತು. ನಿನ್ನ ಒಂದು ಮಾತು ಕೇಳ್ಬೇಕಿತ್ತು ನಾನು."

"ಕೇಳಿದ್ರೆ ಕೊಡ್ತಿದ್ದೆ ಅಂದ್ಕೊಂಡ್ಯಾ?" ಎಂದಳು, ಕಚ್ಚಿನ ಮೇಲಿದ್ದ ನೇಲ್ ಪಾಲಿಶನ್ನು ಉಗುರಿನಿಂದ ಕೆರೆಯುತ್ತ. "ಕೊಡ್ತಿರ್ಲಿಲ್ಲ. ಅದು ಗೊತ್ತಿದ್ದೇ ನೀನು ಕೇಳ್ಲಿಲ್ಲ."

ಇಕ್ಕಳವನ್ನು ದೊಡ್ಡಪ್ಪನ ಪೆಟ್ಟಿಗೆಯೊಳಗೆ ಹಾಕಿ, ಪೆಟ್ಟಿಗೆಯನ್ನೇ ತಂದು ಅವಳ ಮುಂದಿಟ್ಟೆ. ಇರಲಿ ಬಿಡೇ, ನೀನೇ ಇಟ್ಕೋ ಅಂದಾಳು ಅಂತ ಒಂದು ಆಸೆ ಆಗಲೂ ಇತ್ತು.

ಅವಳು ಅನ್ನಲಿಲ್ಲ. ರಾಕ್ಷಸನನ್ನೂ ಪೆಟ್ಟಿಗೆಯನ್ನೂ ಒಳಗೆ ಒಯ್ದಳು. ನನಗೆ ಬುದ್ಧಿ ಬಂದಾಗಿನಿಂದ ಆ ಬೀರುವಿಗೆ ಬೀಗ ಬಿದ್ದದ್ದು ಅಂದೇ ಮೊದಲು.