ಬಿಳಿ ಕೋಟಿನ ಮಾವ

ಕಾಲಿನ್‌ನನ್ನು ಮದುವೆಯಾಗಲು ಹೆಸ್ಟರ್ ಒಪ್ಪಿಯಾಗಿತ್ತು. ಆದರೆ ಅವನಿಗೆ ಒಂದು ಕೆಲಸ ಹಚ್ಚಿದ್ದಳು. "ಇವತ್ತು ಸಾಯಂಕಾಲದೊಳಗೆ ಅಪ್ಪನ ಬಾಯಿಂದ ಹೂಂ ಅನ್ನಿಸ್ಕೊಂಡು ಬಾ. ಇಲ್ದಿದ್ರೆ ಮದುವೇಲಿ ಮುಖ ಊದಿಸ್ಕೊಂಡು ಕೂತಿರ್ತಾರೆ. ಫೋಟೋದಲ್ಲೆಲ್ಲ ಅದೇ ಕಾಣುತ್ತೆ."

ಅವಳಪ್ಪ ನಾರ್ಮನ್ ಆಲ್ಡರ್‌ಸನ್‌ಗೆ ಅರವತ್ತೆಂಟು. ಬೇಸಿಗೆಯ ಶನಿವಾರಗಳಲ್ಲಿ ಯಾರ್ಕ್‌ಶೈರಿನ ಕಣಿವೆಯ ಊರೂರು ಸುತ್ತಿ ಕ್ರಿಕೆಟ್ ಮೈದಾನ ನೋಡಿ ಬರುವುದು ಅವರ ಪದ್ಧತಿ. ಈ ಶನಿವಾರ ಕಾಲಿನ್‌ನನ್ನೂ ಕಾರಿಗೆ ಹತ್ತಿಸಿಕೊಂಡಿದ್ದರು.

ಮೊದಲ ಊರಿನ ಮೈದಾನದಲ್ಲಿ ಬೌಂಡರಿಯ ಒಳಗೇ ಒಂದು ಓಕ್ ಮರ. ಬೆಂಚಿನ ಮೇಲೆ ಕೂತು ಕಾಲಿನ್ ಗಂಟಲು ಸರಿಮಾಡಿಕೊಂಡ.

"ಸಾರ್, ಒಂದು ವಿಷಯ..."

"ಶ್! ಓವರ್ ನಡೀತಿದೆ."

ಓವರ್ ಮುಗಿಯುವಷ್ಟರಲ್ಲಿ ಚೆಂಡು ಹೋಗಿ ಕೊಂಬೆಯಲ್ಲಿ ಸಿಕ್ಕಿಕೊಂಡಿತು. ಅದು ನಾಲ್ಕೋ ಆರೋ ಎಂದು ಹನ್ನೆರಡು ಜನ ಮರದ ಬುಡದಲ್ಲಿ ಜಗಳಕ್ಕೆ ನಿಂತರು. ನಾರ್ಮನ್ ಹದಿಮೂರನೆಯವರಾಗಿ ಹೋಗಿ ಸೇರಿಕೊಂಡರು.

ಎರಡನೆಯ ಮೈದಾನ ಗುಡ್ಡದ ಇಳಿಜಾರಿನಲ್ಲಿತ್ತು. ಮೇಲೆ ನಿಂತವರಿಗೆ ಕೆಳಗಿನ ಫೀಲ್ಡರ್‌ನ ಟೋಪಿ ಮಾತ್ರ ಕಾಣುತ್ತಿತ್ತು.

"ಸಾರ್, ಹೆಸ್ಟರ್ ವಿಷಯ..."

"ಆ ಅಂಪೈರ್‌ನ ನೋಡು! ತನ್ನ ಟೀಮಿನವನು ಅಂತ ಔಟೇ ಕೊಡ್ಲಿಲ್ಲ. ಇಂಥವರನ್ನೆಲ್ಲ ಕುರಿಗಳ ಜೊತೆ ಕಟ್ಟಿಹಾಕಬೇಕು. ಏನೋ ಹೇಳ್ತಿದ್ದೆ?"

"ಏನಿಲ್ಲ ಸಾರ್. ಇಳಿಜಾರು ಚೆನ್ನಾಗಿದೆ."

ಮೂರನೆಯದು ನಾರ್ಮನ್ ಹಿಂದೆ ಆಡುತ್ತಿದ್ದ ಊರು. ಅವರು ಕಾರಿನಿಂದ ಇಳಿಯುವ ಮೊದಲೇ ನಾಯಕ ಓಡಿ ಬಂದ. ಚಹಾ ವಿರಾಮದಲ್ಲಿ ತಂಡದ ಒಬ್ಬ ಹಸು ಈಯುತ್ತಿದೆಯೆಂದು ಮನೆಗೆ ಹೋಗಿದ್ದ. ಇನ್ನೊಬ್ಬ ದನದ ಡಾಕ್ಟರು, ಅವನೂ ಬೆನ್ನಿಗೇ ಹೋಗಿದ್ದ. ಬದಲಿಗೆ ಇವರಿಬ್ಬರು ಬ್ಯಾಟ್ ಮಾಡಲು ಎದುರಾಳಿಗಳು ಒಪ್ಪಿದರು. ನಾರ್ಮನ್ ಹತ್ತನೆಯವರು, ಕಾಲಿನ್ ಕೊನೆಯವನು.

ಈ ಊರುಗಳ ಆಟಕ್ಕೆ ಹೊರಗಿನ ಅಂಪೈರ್ ಬರುವುದಿಲ್ಲ. ಬ್ಯಾಟ್ ಮಾಡುವ ತಂಡದವರೇ ಸರದಿಯಂತೆ ಬಿಳಿ ಕೋಟು ತೊಟ್ಟು ನಿಲ್ಲಬೇಕು. ಕೋಟು ಕಾಲಿನ್‌ನ ಪಾಲಿಗೆ ಬಂತು.

ಗೆಲ್ಲಲು ಹತ್ತು ರನ್ ಬೇಕಿದ್ದಾಗ ನಾರ್ಮನ್ ಬಂದರು. ನಾಲ್ಕು ಹೊಡೆದರು, ಮೀಸೆ ತಿರುವಿಕೊಂಡರು. ಮುಂದಿನ ಚೆಂಡನ್ನು ಪಕ್ಕದೂರಿನ ಕಟುಕ ಬಾರ್ನಬಿ ಬೀಸಿ ಎಸೆದ. ಅದು ನೇರ ಬಂದು, ವಿಕೆಟ್ಟಿನ ಮುಂದೆ ಕಂಬದಂತೆ ನೆಟ್ಟಿದ್ದ ನಾರ್ಮನ್‌ರ ಕಾಲಿಗೆ ಬಡಿಯಿತು. ಹನ್ನೊಂದು ಜನ ಒಟ್ಟಿಗೆ ಕೂಗಿದರು. ಕಾಲಿನ್ ಯೋಚಿಸುವ ಮೊದಲೇ ಅವನ ಬೆರಳು ಮೇಲೆದ್ದಿತ್ತು.

"ಏನಯ್ಯ ಅದು?" ಎಂದರು ನಾರ್ಮನ್.

"ಬೆರಳು ಸಾರ್."

"ಅದು ಕಾಣುತ್ತೆ. ಯಾಕೆ ಎತ್ತಿದೀಯ?"

"ನೀವು ಔಟು ಸಾರ್. ನಡು ವಿಕೆಟ್‌ಗೇ ಬರ್ತಿತ್ತು."

"ನೀನು ಬಂದಿದ್ದು ನನ್ನ ಕಾರಲ್ಲಿ, ನೆನಪಿರಲಿ. ಇಲ್ಲಿಂದ ಮುಂದಿನ ಬಸ್ಸು ಸೋಮವಾರ."

"ಮನೆ ಜಗಳ ಮನೇಲಿ ಆಡ್ಕೊಳ್ರಪ್ಪ," ಎಂದ ಬಾರ್ನಬಿ. "ಮಳೆ ಬರೋ ಹಾಗಿದೆ."

ಇನ್ನು ಉಳಿದ ಬ್ಯಾಟ್ಸ್‌ಮನ್ ಕಾಲಿನ್ ಒಬ್ಬನೇ. ತಂಡದಲ್ಲಿ ಮಿಕ್ಕ ಪ್ಯಾಡೂ ನಾರ್ಮನ್‌ರ ಕಾಲಿಗಿದ್ದದ್ದೇ. ಹಾಗಾಗಿ ಮೈದಾನದ ನಡುವೆಯೇ ಅದಲುಬದಲಾಯಿತು. ನಾರ್ಮನ್ ಕೋಟು ತೊಟ್ಟರು, ಕಾಲಿನ್ ಅವರ ಬೆವರಿನಿಂದ ಬಿಸಿಯಾಗಿದ್ದ ಪ್ಯಾಡುಗಳನ್ನು ಕಟ್ಟತೊಡಗಿದ. ಎಡಗಾಲಿನದ್ದನ್ನು ಬಲಗಾಲಿಗೆ ಕಟ್ಟಿದ. ನಾರ್ಮನ್‌ಗೆ ಅದನ್ನು ನೋಡಲಾಗಲಿಲ್ಲ. ಗೊಣಗುತ್ತ ಮಂಡಿಯೂರಿ ತಾವೇ ಪಟ್ಟಿ ಬಿಗಿಯತೊಡಗಿದರು.

ಈಗ ಬಿಟ್ಟರೆ ಇಲ್ಲ ಅನ್ನಿಸಿತು ಕಾಲಿನ್‌ಗೆ.

"ಸಾರ್, ಹೆಸ್ಟರ್‌ನ ಮದುವೆ ಆಗಬೇಕು ಅಂತಿದೀನಿ. ನಿಮ್ಮ ಒಪ್ಪಿಗೆ ಬೇಕು."

ಬಿಗಿಯುತ್ತಿದ್ದ ಕೈ ನಿಂತಿತು.

"ನನ್ನ ಔಟ್ ಕೊಟ್ಟು ಆಮೇಲೆ ಕೇಳ್ತೀಯಲ್ಲೋ! ಮುಂಚೆ ಬಾಯಿಗೇನಾಗಿತ್ತು?"

"ಮುಂಚೆ ಓವರ್ ನಡೀತಿತ್ತು ಸಾರ್."

ನಾರ್ಮನ್ ಕಾಲಿನ್‌ನ ಕಣ್ಣಲ್ಲಿ ನೀರು ಬರುವಷ್ಟು ಪಟ್ಟಿ ಜಗ್ಗಿದರು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಎದ್ದು ಹೋಗಿ ಅಂಪೈರ್ ಜಾಗದಲ್ಲಿ ನಿಂತರು.

ಬಾರ್ನಬಿ ಓಡಿ ಬಂದ. ಕಾಲಿನ್ ಬ್ಯಾಟು ಬೀಸಿದ್ದು ಒಂದು ಕಡೆ, ಚೆಂಡು ಬಂದದ್ದು ಇನ್ನೊಂದು ಕಡೆ. ಪ್ಯಾಡಿನ ನಟ್ಟನಡುವೆ ಬಡಿದ ಸದ್ದು ಚರ್ಚಿನ ಗೋಡೆಗೆ ತಾಗಿ ವಾಪಸ್ ಬಂತು. ಮತ್ತೆ ಹನ್ನೊಂದು ಗಂಟಲು. ಕಾಲಿನ್ ಆಗಲೇ ಗ್ಲೌಸ್ ಬಿಚ್ಚುತ್ತಿದ್ದ.

ನಾರ್ಮನ್ ಮೋಡ ನೋಡಿದರು. ಕುರಿಗಳನ್ನು ನೋಡಿದರು. ಆಮೇಲೆ ಅವನನ್ನು ನೋಡಿದರು.

"ನಾಟ್ ಔಟ್."

"ಏನಂದ್ರಿ?" ಬಾರ್ನಬಿಯ ಮುಖ ಅವನ ಅಂಗಡಿಯ ಮಾಂಸದ ಬಣ್ಣಕ್ಕೆ ತಿರುಗಿತು. "ಅಲ್ರೀ, ಆ ಕುರಿಯನ್ನು ಕೇಳಿದ್ರೂ ಔಟ್ ಅನ್ನುತ್ತೆ!"

"ಹಾಗೆಲ್ಲ ಔಟ್ ಕೊಡೋಕಾಗಲ್ಲ ಕಣಯ್ಯ. ಅವನು ನನ್ನ ಅಳಿಯ."

"ಅಳಿಯನಾ? ಯಾವಾಗಿಂದ?"

"ಈಗ ಹಾಕಿದೆಯಲ್ಲ, ಆ ಬಾಲಿನಿಂದ."

ಮುಂದಿನ ಚೆಂಡಿಗೆ ಕಾಲಿನ್‌ನ ನಡು ವಿಕೆಟ್ ಕಿತ್ತು ಹಾರಿ ಕೀಪರ್ ಪಕ್ಕ ಬಿತ್ತು. ನೋ ಬಾಲ್ ಏನಾದರೂ ಆಗಿದೆಯೇ ಎಂದು ನಾರ್ಮನ್ ಬಗ್ಗಿ ಬೌಲರ್ ಕಾಲಿಟ್ಟ ಗೆರೆ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೊಂದು ಸಲ ನೋಡಿದರು. ಬಾರ್ನಬಿ ಸೊಂಟದ ಮೇಲೆ ಕೈಯಿಟ್ಟು ಕಾದ.

"ನಡಿ," ಎಂದು ಕೊನೆಗೆ ನಾರ್ಮನ್ ಅಳಿಯನ ಹೆಗಲಿಗೆ ಕೈಹಾಕಿದರು. "ಹೆಸ್ಟರ್‌ಗೆ ನಾನೇ ಹೇಳ್ತೀನಿ, ಒಪ್ಪಿದೀನಿ ಅಂತ. ಆದ್ರೆ ನನ್ನ ಕಾಲಿಗೆ ಬಡಿದ ಆ ಬಾಲು ಹೊರಗೇ ಹೋಗ್ತಿತ್ತು."

"ನಡು ವಿಕೆಟ್ ಸಾರ್," ಎಂದ ಕಾಲಿನ್.