ಹೊಡೆಯದ ಗಂಟೆ

ಅಕ್ಕ ಕಾರ್ಖಾನೆಯ ಕಚೇರಿಯಲ್ಲಿ ಕೋಡ್ ಬರೆಯುವವಳು, ತಮ್ಮ ಅಲ್ಲೇ ಫಿಟ್ಟರ್. ವಿಷಾನಿಲ ಎಷ್ಟೇರಿದರೆ ಗಂಟೆ ಹೊಡೆಯಬೇಕೆಂಬ ಮಿತಿಯನ್ನು, ಅದು ಇನ್ನೂ ಬೇಗ ಎಚ್ಚರಿಸಲೆಂದು, ಅವಳು ಬೆಳಿಗ್ಗೆ ತಗ್ಗಿಸಿದಳು. ಸೇವ್ ಮಾಡಿದೊಡನೆ ಪರದೆಯಲ್ಲಿ ಹೊಸ ಅಂಕಿ ಬಂತು. ಕಣ್ಣಿಗೆ ಕಂಡ ಮೇಲೆ ಇನ್ನೇನು, ನಿಶ್ಚಿಂತೆಯಾಗಿ ಚಹಾಕ್ಕೆ ಎದ್ದಳು.

"ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿದ್ಯಾ?" ಪಕ್ಕದ ಮೇಜಿನ ಹಿರಿಯರು ಕೇಳಿದರು.

"ಯಾಕೆ? ಸೇವ್ ಮಾಡಿದ್ರೆ ಹೊಸ ಕೋಡ್ ತಾನಾಗೇ ಜಾರಿಗೆ ಬರುತ್ತಲ್ಲ."

"ಪರದೆ ಬದಲಾಗುತ್ತೆ ತಾಯಿ. ಆದ್ರೆ ಗಂಟೆ ಆ ಮಿತಿನ ಓದೋದು ಸರ್ವರ್ ಶುರುವಾಗುವಾಗ ಒಂದೇ ಸಲ. ಆಮೇಲೆ ನೀನು ತಿಪ್ಪರಲಾಗ ಹಾಕಿದ್ರೂ ಹಳೇದನ್ನ ಬಿಡಲ್ಲ."

ಅವಳು ಚಹಾ ಬಿಟ್ಟು ಕಂಪ್ಯೂಟರಿನತ್ತ ತಿರುಗಿದಳು. ಅಷ್ಟರಲ್ಲಿ ತಮ್ಮನ ಫೋನ್.

"ಅಕ್ಕಾ, ಟ್ಯಾಂಕ್ ಹತ್ರ ಏನೋ ವಾಸನೆ. ಎಲ್ರೂ ಹಿಂದೇಟು ಹಾಕ್ತಿದ್ರು. ನಮ್ಮಕ್ಕನೇ ಸರಿ ಮಾಡಿದಾಳೆ, ಗಂಟೆ ಹೊಡೀದಿದ್ರೆ ಭಯ ಇಲ್ಲ ಅಂತ ನಾನೇ ಒಳಗೆ ಕರ್ಕೊಂಡು ಬಂದೆ."

ಹೊರಗೆ ಓಡು ಎಂದು ಅವಳು ಕಿರುಚಿದಳು. ಆ ಕಡೆಯಿಂದ ಬರೀ ಕೆಮ್ಮು ಕೇಳಿಸಿತು, ಒಬ್ಬನದಲ್ಲ, ಹಲವರದು. ಗಂಟೆ ಮಾತ್ರ ಹೊಡೆಯಲಿಲ್ಲ.