ಮೂರು ಮೊಬೈಲಿಗೆ ಒಂದೇ ಖಾತೆ

ನಾವು ಮೊಬೈಲಿನಲ್ಲಿ ಹುಡುಕುವುದೆಲ್ಲ ಯಾವುದೋ ದೇಶದ ಕಂಪನಿಗೆ ಯಾಕೆ ಗೊತ್ತಾಗಬೇಕು ಎಂದು ಹಟ ಹಿಡಿದವಳು ನಾನೇ. ಹಳೆಯ ಲ್ಯಾಪ್‌ಟಾಪನ್ನು ಕದ್ವಾಡದ ನಮ್ಮ ಮನೆಯ ಟಿವಿ ಪಕ್ಕ ಇಟ್ಟು ಅದನ್ನೇ ಸರ್ವರ್ ಮಾಡಿದೆ. ಒಬ್ಬರ ಬ್ರೌಸರಿನಲ್ಲಿ ತೆರೆದ ಪುಟ ಅವರ ಬೇರೆ ಮೊಬೈಲಿನಲ್ಲೂ ಸಿಗುತ್ತದೆ, ಹೊರಗಿನವರಿಗೆ ಮಾತ್ರ ಕಾಣುವುದಿಲ್ಲ. ಅಮ್ಮ, ಅಂದರೆ ನಮ್ಮ ಆಯಿ, ಅಪ್ಪ, ನಾನು, ಮೂವರಿಗೂ ಬೇರೆ ಬೇರೆ ಖಾತೆ ಮಾಡಬೇಕಿತ್ತು. ಒಂದೇ ರೇಷನ್ ಕಾರ್ಡಿನ ಮನೆಗೆ ಮೂರು ಪಾಸ್‌ವರ್ಡ್ ಯಾಕೆಂದು ಎಲ್ಲರನ್ನೂ ಒಂದಕ್ಕೇ ಸೇರಿಸಿದೆ. ದೊಡ್ಡ ಬುದ್ಧಿವಂತೆ ನಾನು!

ಮಂಗಳವಾರ ಕಾರವಾರದ ಆಫೀಸಿನಲ್ಲಿ, ಬೆಳಿಗ್ಗೆ ಓದಿ ಬಿಟ್ಟಿದ್ದ ಪುಟಕ್ಕಾಗಿ ಖಾತೆಯಲ್ಲಿ ತೆರೆದ ಪುಟಗಳ ಪಟ್ಟಿ ನೋಡಿದೆ. ಆಯಿಯ ಮೊಬೈಲಿನ ಕೆಳಗೆ ನಾಲ್ಕು ಪುಟಗಳಿದ್ದವು. ಎದೆಯಲ್ಲಿ ಗಂಟು. ನೋಯದ ಗಂಟು. ಗಂಟು ದೊಡ್ಡದಾದರೆ. ನಾಲ್ಕನೆಯದು, ಒಣಮೀನು ಕೆಡದಂತೆ ಇಡುವುದು.

ಅರ್ಧ ದಿನ ರಜೆ ಬರೆದುಕೊಟ್ಟು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಪಟ್ಟಿಯನ್ನು ಮತ್ತೆ ಮತ್ತೆ ನೋಡಿದೆ, ತಪ್ಪಾಗಿ ಓದಿರಬಹುದೆಂದು. ಬಸ್ಸು ನಿಂತಲ್ಲೆಲ್ಲ ಡ್ರೈವರನ ಮೇಲೆ ಸಿಟ್ಟು ಬಂತು. ಹೆದರಿದಾಗ ನನಗೆ ಮೊದಲು ಬರುವುದೇ ಸಿಟ್ಟು.

ಆಯಿ ಹಿತ್ತಿಲ ಕಲ್ಲಿನ ಮೇಲೆ ಕೂತು ಬಂಗುಡೆ ಮೀನು ಹೆಚ್ಚುತ್ತಿದ್ದಳು.

"ಗಂಟು ಎಷ್ಟು ದಿನದಿಂದ ಇದೆ?" ಎಂದು ಸಿಡುಕಿದೆ. ಮೆಲ್ಲಗೆ ಕೇಳಬೇಕೆಂದು ಬಸ್ಸಿನಲ್ಲಿ ನೂರು ಸಲ ಅಂದುಕೊಂಡಿದ್ದೆ.

ಆಯಿಯ ಕೈ ನಿಂತಿತು. "ನಿಂಗೆ ಹ್ಯಾಂಗೆ ಗೊತ್ತಾಯ್ತು?"

ಒಂದೇ ಖಾತೆಯ ವಿಷಯ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮನೆಯ ಬಾಗಿಲು ನೋಡುತ್ತ ದನಿ ತಗ್ಗಿಸಿದಳು.

"ಹಂಗಾರೆ ಅವ್ರಿಗೂ ಕಾಣ್ತದ್ಯಾ? ಅವ್ರಿಗೆ ಹೇಳ್ಬೇಡ ಮಗಾ. ಗದ್ದೆ ಕೆಲ್ಸಾ ಬಿಟ್ಟು ಕೂತ್ಬಿಡ್ತ್ರು."

ಅಪ್ಪ ನಾಲ್ಕು ದಿನದಿಂದ ಗದ್ದೆಗೆ ಹೋಗದೆ ಕೂತಿದ್ದ, ಸೊಂಟನೋವೆಂದು ಹೇಳಿಕೊಂಡು. ಅದು ನನಗೆ ಆಗ ಹೊಳೆಯಿತು.

ಬಾಗಿಲಲ್ಲಿ ಅಪ್ಪ ನಿಂತಿದ್ದ, ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

"ಶುಕ್ರವಾರ್ವೇ ಕಂಡ್ತು," ಎಂದು ಆಯಿಗೆ ಹೇಳಿದ. "ಕೇಳೂಕೆ ಹೆದ್ರಿಕೆ ಆಯ್ತು, ಗಂಗೂ. ಕೇಳಿರೆ ನೀ ಹೌದು ಅಂತಿ."

ಆ ನಾಲ್ಕು ದಿನವೂ ಇಬ್ಬರೂ ಎದುರುಬದುರು ಕೂತು ಊಟ ಮಾಡಿದ್ದರು. ನಾನೇ ಬಡಿಸಿದ್ದೆ.